ಹದಿನೇಳು ಬೀಗದಕೈ

ತಂತಿಬಳೆಯಲ್ಲಿ ಹದಿನೇಳು ಬೀಗದಕೈ ಕೋದು
ಪಟ್ಟಣ ಪಂಚಾಯಿತಿ ನನ್ನ ಕೈಗೆ ಕೊಟ್ಟಿತು.
"ಹೋಗಿ, ಅಂಗಡಿಯವರನ್ನು ಕರೆದು ಬನ್ನಿ.
ಆರು ತಿಂಗಳು ಬಾಡಿಗೆ ಇಲ್ಲ ಅನ್ನಿ,
ಬಣ್ಣ ನಮ್ಮದು, ಬಲ್ಬು ನಮ್ಮದು ಅನ್ನಿ,
ನಗುತ್ತಾ ಹೇಳಿ, ಅದು ಮುಖ್ಯ."

ಇಪ್ಪತ್ತೆರಡು ವರ್ಷ ಇದೇ ಬೀದಿಯಲ್ಲಿ
ಬಾಡಿಗೆ ವಸೂಲಿ ಮಾಡಿದ ಮುಖ ಇದು.
ತಿರುವಿನಲ್ಲಿ ನಾನು ಕಂಡರೆ ಸಾಕು,
ಅರ್ಧ ಬೀದಿ ಊಟಕ್ಕೆ ಎದ್ದು ಹೋಗುತ್ತಿತ್ತು.
ಈಗ ನಗು ಎಂದರೆ
ಎಲ್ಲಿಂದ ತರಲಿ, ಯಾವ ಲೆಕ್ಕಕ್ಕೆ ಬರೆಯಲಿ?

ವಿರಾಜಪೇಟೆಯ ಹಳೇ ಮಾರ್ಕೆಟ್ ಬೀದಿ.
ಬಸ್ಸು ಬೇರೆ ಕಡೆ ನಿಲ್ಲತೊಡಗಿದ್ದೇ
ಬಸ್ಸಿನ ಹಿಂದೆ ಜನ, ಜನರ ಹಿಂದೆ ಚಹಾ,
ಚಹಾದ ಹಿಂದೆ ಬೀಡಿ, ಬೆಂಕಿಪೊಟ್ಟಣ.
ಪ್ರವಾಸಿ ಕಾರುಗಳು ಹೊರಗಿಂದಲೇ ಬಳಸಿ
ರೆಸಾರ್ಟಿನ ಬಾಣ ತೋರಿದ ಕಡೆ ಹೋಗುತ್ತವೆ.
ಬುಧವಾರದ ಸಂತೆಗೆ ಬಂದವರೂ
ಮೆಣಸು ಮಾರಿ, ಒಣಮೀನು ಕಟ್ಟಿಸಿಕೊಂಡು
ಈ ಬೀದಿಯನ್ನು ಅಡ್ಡ ದಾಟುತ್ತಾರೆ,
ಹೊಳೆ ದಾಟಿದ ಹಾಗೆ;
ಉದ್ದಕ್ಕೆ ನಡೆಯುವುದಿಲ್ಲ.

ಸಭೆಯಲ್ಲಿ ನಕ್ಷೆ ತೋರಿಸಿದರು.
ನಕ್ಷೆಯಲ್ಲಿ ಕೊಡೆ ಬಿಚ್ಚಿದ ಮೇಜು,
ಬಿಳಿ ಟೋಪಿಯ ಹೆಂಗಸು, ಅವಳದೊಂದು ನಾಯಿ,
ಎಲ್ಲ ಬಾಗಿಲಿಗೂ ಒಂದೇ ಹಸಿರು.
"ನಾಯಿ ಯಾರದ್ದು?" ಎಂದರು ಪೆಮ್ಮಯ್ಯ.
"ಸುಮ್ಮನೆ, ಅಂದಕ್ಕೆ" ಎಂದ ಇಂಜಿನಿಯರ್.
"ಅಂದಕ್ಕೆ ನಾಯಿ ಸಾಕುವ ಊರಲ್ಲವಲ್ಲ ಇದು."
ನಿರ್ಣಯ ಅಂಗೀಕಾರವಾಯಿತು,
ನಾಯಿಯೊಂದನ್ನು ಬಿಟ್ಟು.

ಮೊದಲ ಬೀಗ ತೆರೆಯಿತು: ಇಲಿ, ಒಂದು ಕ್ಯಾಲೆಂಡರ್.
ಎರಡನೆಯದೂ ತೆರೆಯಿತು.
ಮೂರನೆಯದರಲ್ಲಿ ಬೀಗದಕೈಯೇ ಮುರಿಯಿತು.
ಬೀಗ ರಿಪೇರಿಯ ಅಂತೋಣಿ
ಮೊದಲು ಅಲ್ಲೇ ಎದುರಿಗೆ ಕೂರುತ್ತಿದ್ದ;
ಈಗ ಗೋಣಿಕೊಪ್ಪ ರಸ್ತೆಯಿಂದ ಬರಬೇಕು.
ಬಂದ. ಬಂದದ್ದಕ್ಕೇ ಬೇರೆ ನೂರು ರೂಪಾಯಿ.
"ನಿನ್ನ ಜಾಗ ಖಾಲಿ ಇದೆಯಲ್ಲ" ಎಂದೆ.
"ಬೀಗ ಹಾಕಿದ ಬೀದಿಯಲ್ಲಿ ನನಗೇನು ಕೆಲಸ, ಸಾರ್?
ತೆಗೆಯುವವರಿದ್ದರೆ ತಾನೆ."

ಹನ್ನೊಂದನೆಯದು ಮೊಯ್ದೂಟ್ಟಿಯವರ ತಕ್ಕಡಿ ಅಂಗಡಿ.
ಕಾಫಿ, ಮೆಣಸು, ಏಲಕ್ಕಿ,
ಸುತ್ತಿನ ತೋಟಗಳ ತೂಕವೆಲ್ಲ
ಅವರ ಬೆರಳ ಕೆಳಗೆ ಸರಿಯಾಗುತ್ತಿದ್ದ ಕಾಲ.
ಮೂರು ತಿಂಗಳ ಬಾಕಿಗೆ ಬೀಗ ಜಡಿದವನು ನಾನೇ.
ಬೋರ್ಡನ್ನೂ ಇಳಿಸಿ ತಂದಿದ್ದೆ, ಜಪ್ತಿ ಎಂದು.
ಈಗಲೂ ಅದು ಕಚೇರಿಯಲ್ಲಿದೆ,
ಅಕ್ಷರ ಮೇಲಾಗಿ, ನಾಲ್ಕು ಇಟ್ಟಿಗೆಯ ಮೇಲೆ:
ಅರ್ಜಿದಾರರು ಕೂರುವ ಬೆಂಚು.

ಮನೆಗೆ ಹೋದೆ.
"ಕರೆಂಟಿನ ತಕ್ಕಡಿ ಬಂದ ಮೇಲೆ ನಾನೇಕೆ" ಎಂದರು.
ಬಾಕಿಯ ಮಾತೆತ್ತಲಿಲ್ಲ. ಎತ್ತಿದ್ದರೆ
ಕುರ್ಚಿಯಲ್ಲಿ ನೆಟ್ಟಗೆ ಕೂರುತ್ತಿದ್ದೆ.
ಮೊಮ್ಮಗಳು ಸುಹರಾ ಅರ್ಜಿ ಈಸಿಕೊಂಡಳು,
ಬೆರಳ ತುದಿಯಲ್ಲೆಲ್ಲ ಬೆಸುಗೆಯ ಸುಟ್ಟ ಕಲೆ.
ವ್ಯಾಪಾರದ ಸ್ವರೂಪ ಎಂಬಲ್ಲಿ
ಸಮಿತಿ ಅಚ್ಚು ಹಾಕಿಸಿದ್ದು ಮೂರೇ:
ಕೆಫೆ, ಮಸಾಲೆ ಮಳಿಗೆ, ಹೋಮ್‌ಮೇಡ್ ಚಾಕೊಲೇಟ್.
ಮೂರನ್ನೂ ಹೊಡೆದು ಹಾಕಿ ಬರೆದಳು:
"ಯಾರದು ಏನು ಕೆಟ್ಟಿದೆಯೋ ಅದು."

ಈ ಬುಧವಾರ ತೆರೆದಳು.
ಮಿಕ್ಸಿ ಬಂತು, ಟಾರ್ಚು ಬಂತು,
ಆನೆ ಮುರಿದ ಬೇಲಿಯ ಬ್ಯಾಟರಿ,
ಚರ್ಚಿನ ಮೈಕು, ಬೊಳ್ಳಮ್ಮನ ನೂಪುಟ್ಟಿನ ಒತ್ತುಮಣೆ,
ನಾಚಿಕೊಂಡು, ಒಂದು ಕರೆಂಟಿನ ತಕ್ಕಡಿ.
ಕಾಯುವವರು ಬೀದಿಯ ಉದ್ದಕ್ಕೆ ನಡೆದು
ಮುಚ್ಚಿದ ಬಾಗಿಲುಗಳ ಹೆಸರು ಹೇಳಿಕೊಂಡರು.
ಎದುರು ಮೆಟ್ಟಿಲಲ್ಲಿ ಯಾರೋ
ಫ್ಲಾಸ್ಕು, ಪೇಪರ್ ಲೋಟ ಇಟ್ಟು ಕೂತ.
ಪರವಾನಗಿ ಇಲ್ಲ.
ನಾನು ಆ ಕಡೆ ನೋಡಲಿಲ್ಲ.

ಬೋರ್ಡು ಹೊತ್ತು ತಂದವನೂ ನಾನೇ.
ಊರು ಕೂತು ಕೂತು
ಹೆಸರು ಸವೆದಿದೆ, ತಕ್ಕಡಿ ಸವೆದಿದೆ;
ಅಂಚಿನಲ್ಲಿ ಉಳಿದದ್ದು ಇಷ್ಟು:
"ಸರಿಮಾಡಿ ಕೊಡಲಾಗುವುದು."
ಹಾಗೇ ಇರಲಿ ಎಂದಳು.

ಬಾಗಿಲಿಗೆ ಹಸಿರು ಬಳಿದಿಲ್ಲವೇಕೆ ಎಂದು
ನನಗೆ ಮೆಮೊ ಬಂದಿದೆ.
ಬಳೆಯಲ್ಲಿ ಇನ್ನೂ ಹದಿನೈದಿವೆ,
ಒಂದು ಮುರಿದದ್ದು.
ಅರ್ಜಿದಾರರು ಈಗ ನಿಂತೇ ಇರುತ್ತಾರೆ;
ಬೆಂಚು ಬೇಕೆಂದು ಟಿಪ್ಪಣಿ ಬರೆದಿಟ್ಟಿದ್ದೇನೆ.